ಬ್ಯಾಡಗಿ ಮೆಣಸಿನ ಸೆಪೆನ್, ಹಿಂಬದಿಯ ಮೇಜು: ಅಂಜುನಾದ ಒಂದು ಟಿಬೆಟಿ ಊಟದ ಮನೆ

ಅಂಜುನಾದಲ್ಲಿ ಬುಧವಾರದ ಸಂತೆ ನೆರೆಯುವ ಬಯಲಿನಿಂದ ಊರೊಳಗೆ ಹೋಗುವ ದಾರಿಯಲ್ಲಿ, ಗೇರುಮರಗಳ ನಡುವೆ, ತಗಡಿನ ಮಾಡಿನ ಒಂದು ಸಣ್ಣ ಊಟದ ಮನೆಯಿದೆ. ಅದಕ್ಕೊಂದು ಹೆಸರಿಲ್ಲ. ಬಾಗಿಲ ಬದಿಯ ಕರಿಹಲಗೆಯ ಮೇಲೆ ಆ ದಿನದ ತಿನಿಸುಗಳನ್ನು ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಅದರ ಕೆಳಗೆ ದುಂಡಗಿನ ಅಕ್ಷರಗಳಲ್ಲಿ, ಸೀಮೆಸುಣ್ಣದಿಂದ, ಕನ್ನಡದಲ್ಲಿ ‘ಊಟ ತಯಾರ್ ಐತಿ’ ಎಂದು ಬರೆದಿರುತ್ತದೆ. ಇಪ್ಪತ್ತೆರಡು ವರ್ಷಗಳಿಂದ ವಾಸ್ಕೋದಲ್ಲಿ ನೆಲೆಸಿರುವ ನಾನು ಗೋವೆಯ ಉದ್ದಗಲ ತಿರುಗಿದವಳು. ಕಟ್ಟಡ ಕೆಲಸದ ಜಾಗಗಳಲ್ಲಿ, ಮೀನು ಪೇಟೆಯಲ್ಲಿ, ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಕನ್ನಡ ಕೇಳಿದ್ದೇನೆ. ಆದರೆ ಪ್ರವಾಸಿಗರ ಊಟದ ಮನೆಯ ಹಲಗೆಯ ಮೇಲೆ ನಮ್ಮ ಲಿಪಿಯನ್ನು ಕಂಡದ್ದು ಅದೇ ಮೊದಲು. ನವೆಂಬರಿನಿಂದ ಮಾರ್ಚಿನವರೆಗೆ ಅಲ್ಲಿಗೆ ಐದು ಸಲ ಹೋಗಿ ಬಂದ ಮೇಲೆ, ಆ ಮನೆಯ ಊಟದ ಬಗೆಗೂ ಅಲ್ಲಿ ಊಟದ ಜೊತೆಗೇ ನಡೆಯುವ ಇನ್ನೊಂದು ಕೆಲಸದ ಬಗೆಗೂ ಬರೆಯಬೇಕೆನಿಸಿತು.

ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಒಲೆಯ ಮುಂದಿದ್ದ ಹೆಂಗಸು ತಿರುಗಿಯೂ ನೋಡದೆ, ನನ್ನ ಜೊತೆಗಿದ್ದ ತಂಗಿಯೊಡನೆ ನಾನಾಡಿದ ಒಂದು ಮಾತನ್ನಷ್ಟೇ ಕೇಳಿಸಿಕೊಂಡು, “ಬರ್ರಿ ಅಕ್ಕಾರ, ಆ ಕಡೆ ಕುಂದರ್ರಿ, ಅಲ್ಲಿ ಗಾಳಿ ಬರ್ತದ” ಎಂದರು. ನಾನು ಹಾವೇರಿಯವಳು. ಆ ‘ಕುಂದರ್ರಿ’ ಎಂಬುದನ್ನು ಕಲಿತ ಬಾಯಿ ಯಾವ ಸೀಮೆಯದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರ ಮನೆ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿದೆ. ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರು ನಿರಾಶ್ರಿತರಿಗೆ ನೆಲ ಕೊಡಲು ಒಪ್ಪಿದ್ದರಿಂದ ಮೊದಲು ಬೈಲಕುಪ್ಪೆಯಲ್ಲಿ ವಸತಿ ಎದ್ದಿತು. 1966ರಲ್ಲಿ ಮುಂಡಗೋಡದ ಕಾಡಂಚಿನಲ್ಲಿಯೂ ಎದ್ದಿತು. ಮುಂದೆ ಹುಣಸೂರು, ಕೊಳ್ಳೇಗಾಲಗಳ ಬಳಿಯೂ ವಸತಿಗಳಾದವು. ಮಳೆಗಾಲದಲ್ಲಿ ಗೋವಿನಜೋಳ ಬೆಳೆಯುವುದು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವುದು ಅಲ್ಲಿನವರ ಹಳೆಯ ಬದುಕಿನ ಕ್ರಮ. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ನನ್ನವ್ವ ಹುಬ್ಬಳ್ಳಿಯ ರಸ್ತೆ ಬದಿಯಲ್ಲಿ ಇಂಥದೇ ಒಬ್ಬ ತಾಯಿಯ ಬಳಿ ಚೌಕಾಸಿ ಮಾಡಿ ನನಗೊಂದು ಮೆಂತ್ಯ ಬಣ್ಣದ ಸ್ವೆಟರ್ ಕೊಡಿಸಿದ್ದಳು. ಆ ತಾಯಿ ಅಳತೆ ನೋಡಲು ನನ್ನ ಬೆನ್ನಿಗೆ ಹಿಡಿದ ಅಂಗೈಯ ಬಿಸಿ ನನಗೆ ಇಂದಿಗೂ ನೆನಪಿದೆ. ಈ ಊಟದ ಮನೆಯೊಡತಿಯನ್ನು ಅಲ್ಲಿ ಕೆಲಸ ಮಾಡುವ ಹುಡುಗಿಯರೆಲ್ಲ ‘ಅಚಾ-ಲಾ’ ಎಂದು ಕರೆಯುತ್ತಾರೆ. ಅವರ ಭಾಷೆಯಲ್ಲಿ ಅಕ್ಕನಿಗೆ ಮರ್ಯಾದೆ ಸೇರಿಸಿ ಕರೆಯುವ ಮಾತದು. ನಾನೂ ಹಾಗೆಯೇ ಕರೆಯುತ್ತೇನೆ.

ಮೊದಲು ಊಟದ ವಿಷಯ. ಇಲ್ಲಿ ಕಣ್ಣುಮುಚ್ಚಿ ತರಿಸಿಕೊಳ್ಳಬಹುದಾದದ್ದು ಮೊಮೊ. ಗೋವೆಯ ಕಡಲತೀರದಲ್ಲಿ ಮೊಮೊ ಸಿಗದ ಗಲ್ಲಿಯಿಲ್ಲ. ಆದರೆ ಬಹುಪಾಲು ಕಡೆ ಕಾರ್ಖಾನೆಯಲ್ಲಿ ಮಾಡಿ ಹೆಪ್ಪುಗಟ್ಟಿಸಿದ್ದನ್ನು ತಂದು ಹಬೆಯಲ್ಲಿಟ್ಟು ಕೊಡುತ್ತಾರೆ, ಅದರ ಮೈದಾ ಹಲ್ಲಿಗೆ ಅಂಟುತ್ತದೆ. ಇಲ್ಲಿ ಕಣಕವನ್ನು ಬೆಳಿಗ್ಗೆ ಕಲಸಿ ಒದ್ದೆ ಬಟ್ಟೆ ಮುಚ್ಚಿಡುತ್ತಾರೆ. ನೀವು ಕೇಳಿದ ಮೇಲೆಯೇ ಉಂಡೆ ಮುರಿದು, ಅಂಚು ತೆಳ್ಳಗೆ, ನಡು ತುಸು ದಪ್ಪ ಉಳಿಯುವಂತೆ ಲಟ್ಟಿಸಿ, ಹೂರಣವಿಟ್ಟು ನೆರಿಗೆ ಹಿಡಿಯುತ್ತಾರೆ. ಅಚಾ-ಲಾ ಅವರ ಎಡಗೈ ಹೆಬ್ಬೆರಳು ಹೂರಣವನ್ನು ಒತ್ತಿ ಹಿಡಿದಿರುತ್ತದೆ, ಬಲಗೈಯ ಎರಡು ಬೆರಳು ಅಂಚನ್ನು ಚಿವುಟುತ್ತ ಸುತ್ತು ಬರುತ್ತವೆ. ನಮ್ಮ ಮನೆಗಳಲ್ಲಿ ಚೌತಿಗೆ ಮೋದಕದ ನೆರಿಗೆ ಹಿಡಿಯುವ ಅಜ್ಜಿಯರ ಕೈಯನ್ನು ನೋಡಿದವರಿಗೆ ಆ ಓಟ ಹೊಸದೆನಿಸುವುದಿಲ್ಲ. ಒಂದೊಂದರಲ್ಲೂ ಹದಿನಾರು, ಹದಿನೇಳು ನೆರಿಗೆ. ‘ಮೊಕ್ಟೊ’ ಎಂದು ಅವರು ಕರೆಯುವ ಅಲ್ಯುಮಿನಿಯಂ ಹಬೆಪಾತ್ರೆಯ ತಟ್ಟೆಗಳಿಗೆ ಎಣ್ಣೆ ಸವರಿ ಜೋಡಿಸಿ, ಹನ್ನೆರಡು ಹದಿಮೂರು ನಿಮಿಷ ಬಿಟ್ಟು ಇಳಿಸುತ್ತಾರೆ. ಕಚ್ಚುವಾಗ ಎಚ್ಚರವಿರಲಿ, ಒಳಗೆ ರಸ ನಿಂತಿರುತ್ತದೆ. ತುದಿಯನ್ನು ಸ್ವಲ್ಪ ಕಚ್ಚಿ ರಸವನ್ನು ಹೀರಿ ಆಮೇಲೆ ತಿನ್ನಬೇಕು. ಎಂಟರ ಒಂದು ತಟ್ಟೆಗೆ ಕೋಳಿಯದು 140 ರೂಪಾಯಿ, ಪಾಲಕ್ ಮತ್ತು ಚೀಸಿನದು 120.

ಜೊತೆಗೆ ಕೊಡುವ ಖಾರದ ಚಟ್ನಿಗೆ ‘ಸೆಪೆನ್’ ಎನ್ನುತ್ತಾರೆ. ಅದರ ಬಣ್ಣ ನೋಡಿದ ಕೂಡಲೇ ನನಗೆ ಅನುಮಾನ ಬಂದು ಕೇಳಿದೆ. ಹೌದು, ಬ್ಯಾಡಗಿ ಮೆಣಸಿನಕಾಯಿ. ವರ್ಷಕ್ಕೆ ಬೇಕಾಗುವಷ್ಟನ್ನು ಅವರು ಊರಿನಿಂದ ಬರುವಾಗಲೇ ಚೀಲದಲ್ಲಿ ತರುತ್ತಾರೆ. ನೆನೆಸಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಟೊಮೆಟೊ ಅರೆದು, ಕೊನೆಗೆ ಕಾದ ಎಣ್ಣೆಯಲ್ಲಿ ಸಿಡಿಸಿದ ಎಮ್ಮಾ, ಅಂದರೆ ಜುಮ್ಮನಕಾಯಿಯ ಜಾತಿಯ ಕಾಳನ್ನು ಮೇಲೆ ಸುರಿಯುತ್ತಾರೆ. ನಾಲಿಗೆ ಮೊದಲು ಜುಮ್ಮೆಂದು, ಆಮೇಲೆ ಬ್ಯಾಡಗಿಯ ಆ ಸೌಮ್ಯವಾದ ಖಾರ ಏರುತ್ತದೆ. ಕೆಂಪು ಚಟ್ನಿ ತಿಂದು ಬೆಳೆದ ನಮ್ಮ ಕಡೆಯವರಿಗೆ ಇದು ಚೆನ್ನಾಗಿ ಹಿಡಿಸುತ್ತದೆ. ಬಾಟಲಿ ತಂದರೆ ತುಂಬಿಸಿಯೂ ಕೊಡುತ್ತಾರೆ.

ಥೆಂಥುಕ್ ಎಂಬುದು ಕಣಕವನ್ನು ಕೈಯಿಂದಲೇ ಚಪ್ಪಟೆಯಾಗಿ ಎಳೆದು, ತುಂಡು ತುಂಡಾಗಿ ಹರಿದು ಕುದಿಯುವ ಸಾರಿಗೆ ಎಸೆದು ಮಾಡುವ ಊಟ. ಮೂಲಂಗಿ, ಸೊಪ್ಪು, ಬೇಕಿದ್ದರೆ ಮಾಂಸ. ಜನವರಿಯ ಒಂದು ಸಂಜೆ ನೆಗಡಿಯಾಗಿದ್ದಾಗ ನಾನು ಅದನ್ನು ಉಂಡೆ. ಅಷ್ಟು ಹಿತವಾದ ಊಟವನ್ನು ಮನೆಯ ಹೊರಗೆ ಉಂಡದ್ದು ಕಡಿಮೆ. ಟಿಂಗ್ಮೊ ನಮ್ಮ ಕಡುಬಿನ ಹತ್ತಿರದ ನೆಂಟ, ಪದರ ಪದರವಾಗಿ ಬಿಡಿಸಿಕೊಂಡು ಸಾರಿನಲ್ಲಿ ಅದ್ದಿ ತಿನ್ನುವುದು. ತ್ಸಾಂಪಾ ಎಂದರೆ ಹುರಿದ ಬಾರ್ಲಿಯ ಹಿಟ್ಟು. ಅದನ್ನು ಬೆಣ್ಣೆ ಚಹಾದಲ್ಲಿ ಕಲಸಿ ಉಂಡೆ ಕಟ್ಟುತ್ತಾರೆ. ನಾನು ಅದನ್ನು ಬಾಯಿಗಿಟ್ಟು “ಇದು ನಮ್ಮ ಹುರಿಹಿಟ್ಟು” ಎಂದಾಗ ಅಚಾ-ಲಾ ಬಹಳ ಸಂತೋಷಪಟ್ಟರು. ಉಪ್ಪು ಹಾಕಿದ ಬೆಣ್ಣೆ ಚಹಾ ಮಾತ್ರ ಎಲ್ಲರಿಗೂ ಒಗ್ಗುವುದಿಲ್ಲ. ಅದನ್ನು ಚಹಾ ಎಂದುಕೊಳ್ಳದೆ ಒಂದು ತೆಳುವಾದ ಸಾರು ಎಂದುಕೊಂಡು ಕುಡಿದರೆ ರುಚಿ ತಿಳಿಯುತ್ತದೆ.

ಹಿಡಿಸದ್ದನ್ನೂ ಹೇಳಬೇಕು. ಹೆಸರುಕಾಳಿನ ಗಂಜಿಯಿಂದ ಮಾಡುವ ತಣ್ಣನೆಯ ಲಾಫಿಂಗ್ ಅನ್ನು ಗೋವೆಯ ಸೆಕೆಯಲ್ಲಿ ಮಧ್ಯಾಹ್ನದ ಮೇಲೆ ತಿನ್ನಬಾರದು. ನನಗೆ ಸಿಕ್ಕಿದ್ದು ನೀರುಬಿಟ್ಟು ಹುಳಿಯಾಗಿತ್ತು. ಹಾಗೆಂದು ಹೇಳಿದ ಮೇಲೆ ಹಣ ತೆಗೆದುಕೊಳ್ಳಲಿಲ್ಲವೆಂಬುದೂ ನಿಜ. ನೂಡಲ್ಸ್ ಹಾಕಿದ ಥುಕ್ಪಾ ಸಾಧಾರಣ. ಅದಕ್ಕಿಂತ ದೊಡ್ಡ ತಕರಾರು ಸಸ್ಯಾಹಾರಿಗಳದ್ದು. ಮೊದಲ ಎರಡು ಭೇಟಿಗಳಲ್ಲಿ ಮಾಂಸದ ಮೊಮೊ, ಪಾಲಕಿನ ಮೊಮೊ ಎರಡನ್ನೂ ಒಂದೇ ಹಬೆಪಾತ್ರೆಯ ಬೇರೆ ಬೇರೆ ತಟ್ಟೆಗಳಲ್ಲಿ ಇಡುತ್ತಿದ್ದರು. ಕೇಳಿದರೆ ಮುಚ್ಚಿಡದೆ ಹೇಳುತ್ತಿದ್ದರು, ಆದರೆ ಹಲಗೆಯ ಮೇಲೆ ಬರೆದಿರಲಿಲ್ಲ. ನನ್ನ ತಂಗಿ ಇಷ್ಟಲಿಂಗ ಕಟ್ಟಿಕೊಂಡವಳು, ತಿನ್ನದೆ ಎದ್ದಳು. ನಾನು ಇದನ್ನು ಅಚಾ-ಲಾ ಅವರಿಗೆ ಸ್ಪಷ್ಟವಾಗಿ ಹೇಳಿದೆ. ಮೂರನೆಯ ಸಲ ಹೋದಾಗ ಒಲೆಯ ಬಲಬದಿಗೆ ಇನ್ನೊಂದು ಚಿಕ್ಕ ಮೊಕ್ಟೊ ಬಂದಿತ್ತು, ಅದರ ಹಿಡಿಕೆಗೆ ಹಸಿರು ಬಟ್ಟೆಯ ಚೂರನ್ನು ಕಟ್ಟಿದ್ದರು. ಈಗ ತಂಗಿಯೂ ಉಣ್ಣುತ್ತಾಳೆ.

ಇನ್ನು ಕಾಯುವ ವಿಷಯ. ನನ್ನ ಎರಡನೆಯ ಭೇಟಿಯಲ್ಲಿ ಒಂದು ತಟ್ಟೆ ಮೊಮೊಗೆ ಐವತ್ತು ನಿಮಿಷ ಕಾದೆ. ಪಕ್ಕದ ಮೇಜಿನವರು ಬೇಸತ್ತು ಎದ್ದುಹೋದರು. ನಾನೂ ಏಳುವವಳಿದ್ದೆ, ಅಷ್ಟರಲ್ಲಿ ಅಡುಗೆಮನೆಯ ಹಿಂಬದಿಯಲ್ಲಿ, ನೀರಿನ ಡ್ರಮ್ಮಿನ ಪಕ್ಕದ ಮರದ ಮೇಜಿನ ಮುಂದೆ, ಹಿಟ್ಟು ಮೆತ್ತಿದ ಕೈಯನ್ನು ಮಡಿಲಲ್ಲಿ ಒರೆಸಿಕೊಂಡು ಅಚಾ-ಲಾ ಒಂದು ಸರ್ಕಾರಿ ಅರ್ಜಿಯನ್ನು ಓದುತ್ತಿರುವುದು ಕಂಡಿತು. ಎದುರಿಗೆ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಕಾಗದ ತೆಗೆದು ಇಡುತ್ತಿದ್ದಳು. ಹಾಳೆಯ ಮೂಲೆಗೆ ಹಿಟ್ಟಿನ ಬೆರಳಚ್ಚು ಬಿದ್ದಾಗ ಅಚಾ-ಲಾ ಅದನ್ನು ಸೆರಗಿನಂತೆ ಕಟ್ಟಿಕೊಂಡಿದ್ದ ಪಟ್ಟೆಪಟ್ಟೆಯ ಪಂಗ್ದೆನ್ ಎಂಬ ಮುಂಬಟ್ಟೆಯ ಅಂಚಿನಿಂದ ಮೆಲ್ಲಗೆ ಒರೆಸಿದರು. ಊಟದ ಮನೆಯ ನಿಜವಾದ ಕಚೇರಿ ಅದು. ಐದು ತಿಂಗಳಲ್ಲಿ ನಾನು ಕಂಡಂತೆ ಆ ಮೇಜು ಖಾಲಿಯಿದ್ದ ದಿನ ಒಂದೂ ಇಲ್ಲ.

ಅಚಾ-ಲಾ ಮುಂಡಗೋಡದಲ್ಲಿ ಹುಟ್ಟಿದವರಲ್ಲ. ಟಿಬೆಟಿನ ಪೂರ್ವದ ಖಾಮ್ ಸೀಮೆಯಲ್ಲಿ, ಯಾಕ್ ಮೇಯಿಸುವ ಮನೆತನದಲ್ಲಿ ಹುಟ್ಟಿ, ತೊಂಬತ್ತರ ದಶಕದಲ್ಲಿ ಹದಿನಾಲ್ಕನೆಯ ವಯಸ್ಸಿಗೆ ಊರು ಬಿಟ್ಟವರು. ಸೋದರಮಾವನ ಹೊರತು ಮನೆಯವರು ಬೇರೆ ಯಾರೂ ಬರಲಿಲ್ಲ. ಅವರ ಜೊತೆ ಹೊರಟು, ನಡುದಾರಿಯಲ್ಲಿ ಅವರನ್ನೂ ಕಳೆದುಕೊಂಡು, ಇಪ್ಪತ್ತಕ್ಕೂ ಹೆಚ್ಚು ಜನರ ಗುಂಪಿನೊಡನೆ ಹಗಲು ಬಂಡೆಗಳ ಮರೆಯಲ್ಲಿ ಮಲಗಿ ಇರುಳು ನಡೆದರು. ಅವರು ದಾಟಿದ್ದು ನಂಗ್ಪಾ ಲಾ ಎಂಬ ಕಣಿವೆ ದಾರಿ. ಚೋ ಓಯು ಪರ್ವತದ ಪಕ್ಕದಲ್ಲಿರುವ ಅದರ ಎತ್ತರ 5,700 ಮೀಟರಿಗೂ ಹೆಚ್ಚು. ಕಾವಲು ಕಡಿಮೆಯಿರುತ್ತದೆಂದು ಜನ ಚಳಿಗಾಲದಲ್ಲಿಯೇ ಅದನ್ನು ದಾಟುತ್ತಿದ್ದರು. ಆ ದಾರಿಯಲ್ಲಿ ಅವರ ಎಡಗಾಲಿನ ಎರಡು ಬೆರಳು ಹಿಮಕ್ಕೆ ಹೋದವು. ಇದನ್ನೆಲ್ಲ ಅವರು ನನಗೆ ಹೇಳಿದ್ದು ಮೊಮೊ ಚಿವುಟುತ್ತ, ಊರಿನ ಮಳೆಯ ಸುದ್ದಿ ಹೇಳುವ ದನಿಯಲ್ಲಿ. ನಡುವೆ ಒಂದು ಸಲ ಮಾತ್ರ ಕೈ ನಿಂತಿತು. ಅದೇ ನಂಗ್ಪಾ ಲಾದಲ್ಲಿ 2006ರ ಸೆಪ್ಟೆಂಬರ್ 30ರಂದು ಚೀನಾದ ಗಡಿ ಕಾವಲಿನವರು ದಾಟುತ್ತಿದ್ದವರ ಮೇಲೆ ಗುಂಡು ಹಾರಿಸಿದರು. ಕೆಲ್ಸಾಂಗ್ ನಮ್ತ್ಸೊ ಎಂಬ ಹದಿನೇಳು ವರ್ಷದ ಸನ್ಯಾಸಿನಿ ಹಿಮದ ಮೇಲೆಯೇ ಸತ್ತಳು. ಪರ್ವತಾರೋಹಿಗಳು ಅದನ್ನು ಕಣ್ಣಾರೆ ಕಂಡರು, ಅವರಲ್ಲೊಬ್ಬರು ಚಿತ್ರೀಕರಿಸಿದ್ದರಿಂದ ಜಗತ್ತಿಗೆ ತಿಳಿಯಿತು. ಆ ಹುಡುಗಿಯ ಹೆಸರು ಹೇಳುವಾಗ ಅವರ ಕೈ ನಿಂತದ್ದು.

ಕಠ್ಮಂಡುವಿನ ನಿರಾಶ್ರಿತರ ಕೇಂದ್ರದಲ್ಲಿ ಕಾಲಿಗೆ ಚಿಕಿತ್ಸೆಯಾಗಿ, ಧರ್ಮಶಾಲೆಗೆ ಬಂದು, ಹಿಮಾಚಲದಲ್ಲಿ ಕೆಲವು ವರ್ಷ ಓದಿ, ಮುಂಡಗೋಡದ ಒಬ್ಬರನ್ನು ಮದುವೆಯಾಗಿ ಅವರು ಕನ್ನಡನಾಡಿಗೆ ಬಂದರು. ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅವರ ಇಡೀ ದುಡಿಮೆಯ ಬೇರು ಅದರಲ್ಲಿದೆ. ನಮಗೆ ಹೊರಗಿನಿಂದ ಎಲ್ಲ ಟಿಬೆಟಿಯನ್ನರೂ ಒಂದೇ ಸಮುದಾಯವಾಗಿ ಕಾಣುತ್ತಾರೆ. ಒಳಗೆ ಹಾಗಿಲ್ಲ. ಚೀನಾದ ಆಳ್ವಿಕೆಯ ವಿರುದ್ಧ ಎದ್ದ 1959ರ ದಂಗೆಯ ನಂತರ ಬಂದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿಯೇ ಹುಟ್ಟಿ, ಇಲ್ಲಿಯ ಶಾಲೆಯಲ್ಲಿ ಓದಿ, ಹಿಂದಿ ಸಿನಿಮಾ ಹಾಡು ಹಾಡುವವರು. ಎಂಬತ್ತರ ದಶಕದ ಮೇಲೆ ಒಬ್ಬೊಬ್ಬರಾಗಿ ಬಂದವರನ್ನು ‘ಸಾಂಜೋರ್’, ಅಂದರೆ ಹೊಸದಾಗಿ ಬಂದವರು ಎನ್ನುತ್ತಾರೆ. ಅವರ ಮಾತಿನ ಧಾಟಿ ಬೇರೆ, ಬಟ್ಟೆ ಬೇರೆ, ಚೀನೀ ಮಾತು ನಡುನಡುವೆ ನುಸುಳುತ್ತದೆ, ಹಿಂದಿ ಬಾರದು. ಕ್ಯಾಂಪಿನಲ್ಲಿ ಅವರಿಗೆ ಜಮೀನಿಲ್ಲ, ಅಪ್ಪ ಅವ್ವ ಗಡಿಯಾಚೆ. “ನಮ್ಮೋರ ಊರಿಗೆ ಬಂದ್ರೂ ನಾ ಹೊರಗಿನಾಕಿನ ಆಗಿದ್ದೆ ಅಕ್ಕಾರ” ಎಂದರು ಅಚಾ-ಲಾ. ಮೊದಲ ವರ್ಷ ನೀರಿನ ನಲ್ಲಿಯ ಸಾಲಿನಲ್ಲಿ ನಿಂತಾಗ ಯಾರೂ ಮಾತಾಡಿಸುತ್ತಿರಲಿಲ್ಲವಂತೆ. ಮಾತಾಡಿಸಿದ್ದು ಗೋವಿನಜೋಳ ಮುರಿಯಲು ಕೂಲಿಗೆ ಬರುತ್ತಿದ್ದ ಪಕ್ಕದ ಹಳ್ಳಿಯ ಹೆಂಗಸರು. ಅವರು ಕನ್ನಡ ಕಲಿತದ್ದು ಆ ಹೆಂಗಸರಿಂದ, ಹಿಂದಿಗಿಂತ ಮೊದಲು. ಅಕ್ಷರ ಕಲಿತದ್ದು ಮುಂಡಗೋಡ ನಿಲ್ದಾಣದಲ್ಲಿ ಬಸ್ಸುಗಳ ಬೋರ್ಡುಗಳನ್ನು ನೋಡಿ. ಮೊದಲು ಓದಿದ ಶಬ್ದ ‘ಹುಬ್ಬಳ್ಳಿ’.

2008ರವರೆಗೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ನೇಪಾಳದ ಹಾದಿಯಿಂದ ಬರುತ್ತಿದ್ದರು. ಆ ವರ್ಷ ಟಿಬೆಟಿನಲ್ಲಿ ಪ್ರತಿಭಟನೆಗಳು ಭುಗಿಲೆದ್ದ ಮೇಲೆ ಗಡಿಯನ್ನು ಬಿಗಿಗೊಳಿಸಿದರು. ಈಗ ಬರುವವರನ್ನು ಬೆರಳಿನ ಮೇಲೆ ಎಣಿಸಬಹುದು. ಹೀಗಾಗಿ ಇಲ್ಲಿಗೆ ಬರುವ ಹುಡುಗಿಯರಲ್ಲಿ ಹೆಚ್ಚಿನವರು ಚಿಕ್ಕಂದಿನಲ್ಲಿ ಬಂದು ವಸತಿಶಾಲೆಗಳಲ್ಲಿ ಬೆಳೆದು ಈಗ ದುಡಿಮೆಗೆ ಇಳಿದವರು. ಚಳಿಗಾಲದಲ್ಲಿ ಗೋವೆಗೆ ಬಂದು ಮಣಿಸರ, ಶಾಲು ಮಾರುವ ಅಂಗಡಿಗಳಲ್ಲಿ ಕೂಲಿಗೆ ನಿಲ್ಲುತ್ತಾರೆ.

ಆ ಹಿಂಬದಿಯ ಮೇಜಿನ ಮೇಲೆ ಹೆಚ್ಚಾಗಿ ಬರುವುದು ಕಾಗದಪತ್ರದ ಕೆಲಸ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿದ ದೇಶವಲ್ಲ. ನಮ್ಮ ಕಾನೂನಿನ ಕಣ್ಣಿನಲ್ಲಿ ಪೌರತ್ವವಿಲ್ಲದ ಟಿಬೆಟಿಯನ್ನರು ವಿದೇಶೀಯರು. ಅವರ ಬಳಿ ನೋಂದಣಿ ಪತ್ರವಿರಬೇಕು, ಎಲ್ಲರೂ ಅದನ್ನು ‘ಆರ್‌ಸಿ’ ಎನ್ನುತ್ತಾರೆ, ಅವಧಿ ಮುಗಿಯುವುದರೊಳಗೆ ಅದನ್ನು ನವೀಕರಿಸಬೇಕು. ಹೊರದೇಶಕ್ಕೆ ಹೋಗುವುದಾದರೆ ಹಳದಿ ಹೊದಿಕೆಯ ಗುರುತಿನ ಪುಸ್ತಕ ಬೇರೆ. ದಿನಾಂಕ ತಪ್ಪಿದರೆ ಬಾಡಿಗೆ ಕೋಣೆಯಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲವೂ ನಿಲ್ಲುತ್ತದೆ. ಅಚಾ-ಲಾ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಯಾರ ಆರ್‌ಸಿ ಯಾವ ತಿಂಗಳು ಮುಗಿಯುತ್ತದೆ ಎಂದು ಬರೆದಿಟ್ಟಿದ್ದಾರೆ. ತಿಂಗಳ ಮೊದಲೇ ಫೋನ್ ಮಾಡುತ್ತಾರೆ. ಕಾನೂನನ್ನೂ ಅವರು ಬಲ್ಲರು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಜನ್ಮದಿಂದಲೇ ಭಾರತೀಯರು ಎಂಬುದನ್ನು 2010ರಲ್ಲಿ ದೆಹಲಿ ಹೈಕೋರ್ಟು ಎತ್ತಿಹಿಡಿದದ್ದು ನಮ್ಗ್ಯಾಲ್ ದೋಲ್ಕರ್ ಎಂಬ ಯುವತಿ ಹೂಡಿದ ಮೊಕದ್ದಮೆಯಲ್ಲಿ. ಆ ತೀರ್ಪಿನ ಒಂದು ಪ್ರತಿ ಇಲ್ಲಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಇದೆ. ಅದು ಅಚಾ-ಲಾ ಅವರಿಗಾಗಲಿ, ಗಡಿ ದಾಟಿ ಬಂದ ಹುಡುಗಿಯರಿಗಾಗಲಿ ಅನ್ವಯಿಸುವುದಿಲ್ಲ. ಆದರೂ ಇಲ್ಲಿ ಹುಟ್ಟಿದವರು ಬಂದು ಕೇಳಿದರೆ ಹೇಳಲು ಬರಬೇಕೆಂದು ಅದನ್ನು ಇಟ್ಟುಕೊಂಡಿದ್ದಾರೆ. ನಲ್ಲಿಯ ಸಾಲಿನಲ್ಲಿ ತನ್ನನ್ನು ಮಾತಾಡಿಸದವರ ಮಕ್ಕಳಿಗೂ ಅವರು ಅರ್ಜಿ ಬರೆದುಕೊಡುತ್ತಾರೆ ಎಂಬುದನ್ನು ನಾನು ನೋಡಿದ್ದೇನೆ.

ಇನ್ನೊಂದು ಕೆಲಸ ಕ್ಷಯರೋಗದ್ದು. ದೇಶಾಂತರದಲ್ಲಿರುವ ಟಿಬೆಟಿಯನ್ನರಲ್ಲಿ ಈ ರೋಗದ ಹಾವಳಿ ಬಹಳ. ಇಕ್ಕಟ್ಟಾದ ವಸತಿಶಾಲೆ, ಮಠಗಳ ಕೋಣೆಗಳು, ಒಂದೇ ಬಾಡಿಗೆ ಕೋಣೆಯಲ್ಲಿ ಆರೇಳು ಜನ ಮಲಗುವ ವ್ಯಾಪಾರದ ಕಾಲ, ಎಲ್ಲವೂ ಅದಕ್ಕೆ ದಾರಿ ಮಾಡುತ್ತವೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಗುಳಿಗೆ ನುಂಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ತುಂಬಿಕೊಂಡಾಗ ಹುಡುಗಿಯರು ಗುಳಿಗೆ ಬಿಡುತ್ತಾರೆ, ಆಗ ಮದ್ದಿಗೆ ಬಗ್ಗದ ರೋಗವಾಗಿ ಅದು ಮರಳುತ್ತದೆ. ಈ ಋತುವಿನಲ್ಲಿ ಇಬ್ಬರು ಹುಡುಗಿಯರು ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿ ಬಂದು, ಅಚಾ-ಲಾ ಎದುರು ಗುಳಿಗೆ ನುಂಗಿ, ಒಂದು ಟಿಂಗ್ಮೊ ತಿಂದು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಮೇಲೆ ಎರಡು ಚುಕ್ಕೆ, ಒಂದು ಕೆಂಪು, ಒಂದು ನೀಲಿ. ನಾನು ಫೆಬ್ರವರಿಯಲ್ಲಿ ಆ ಕ್ಯಾಲೆಂಡರನ್ನು ಹಿಂದಕ್ಕೆ ತಿರುವಿ ನೋಡಿದೆ. ಡಿಸೆಂಬರಿನ ಒಂದು ಭಾನುವಾರ ನೀಲಿ ಚುಕ್ಕೆಯ ಜಾಗದಲ್ಲಿ ಒಂದು ಸಣ್ಣ ಗೆರೆಯಿತ್ತು. ಅಂದು ಆ ಹುಡುಗಿ ಬರಲಿಲ್ಲ. ಸಂಜೆ ಅಂಗಡಿ ಮುಚ್ಚಿ ಅಚಾ-ಲಾ ತಾವೇ ಗುಳಿಗೆ ಹಿಡಿದುಕೊಂಡು ಅರಂಬೋಲಿಗೆ ಬಸ್ಸು ಹತ್ತಿದ್ದರಂತೆ.

ಹಣದ ವಿಷಯದಲ್ಲಿ ಈ ಮನೆ ನಡೆಯುವ ರೀತಿ ನನಗೆ ಮೆಚ್ಚುಗೆಯಾಯಿತು. ದೇಣಿಗೆಯ ಡಬ್ಬಿಯಿಲ್ಲ, ಕಣ್ಣೀರು ತರಿಸುವ ಫೋಟೊಗಳಿಲ್ಲ, ಯಾರ ಕಥೆಯನ್ನೂ ಗಿರಾಕಿಗೆ ಮಾರುವುದಿಲ್ಲ. ಕೇಳದೆ ಅವರಾಗಿ ಏನನ್ನೂ ಹೇಳುವುದಿಲ್ಲ. ಗಿರಾಕಿಗಳು ಮೇಜಿನ ಮೇಲೆ ಬಿಟ್ಟುಹೋದ ಚಿಲ್ಲರೆ ಮಾತ್ರ ಒಂದು ಬಿಸ್ಕತ್ತಿನ ಡಬ್ಬಿಗೆ ಬೀಳುತ್ತದೆ. ಅದರಿಂದ ಬಸ್ಸಿನ ಖರ್ಚು, ಅರ್ಜಿಯ ಶುಲ್ಕ, ಫೋಟೊದ ಖರ್ಚು. ಪ್ರತಿ ಭಾನುವಾರ ಅದರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸುತ್ತಾರೆ. ಕೆಲಸಕ್ಕಿರುವ ನಾಲ್ವರು ಹುಡುಗಿಯರಿಗೆ ತಿಂಗಳ ಮೊದಲ ದಿನವೇ ಸಂಬಳ. ಎರಡು ಋತು ಇಲ್ಲಿ ದುಡಿದ ಮೇಲೆ ಅವರು ತಮ್ಮದೇ ಒಲೆ ಹಚ್ಚಬೇಕೆಂಬುದು ಅಚಾ-ಲಾ ಅವರ ನಿಯಮ, ಮೊದಲ ಮೊಕ್ಟೊವನ್ನು ಅವರೇ ಕಡ ಕೊಡುತ್ತಾರೆ. ಸಂತೆಯ ಬಯಲಿನಲ್ಲಿ ಮೊಮೊ ಮಾರುವ ಒಬ್ಬಳು ಹಾಗೆ ಇಲ್ಲಿಂದಲೇ ಹೋದವಳು. ಅವಳ ಸೆಪೆನ್ ಇನ್ನೂ ಪಳಗಬೇಕು.

ಒಳಗೋಡೆಯ ಮೇಲೆ ದಲೈ ಲಾಮಾ ಅವರ ಚಿತ್ರದ ಕೆಳಗೆ ಎರಡು ಹಳೆಯ ಹೆಂಗಸರ ಚಿತ್ರಗಳಿವೆ. ಒಬ್ಬರು ದಲೈ ಲಾಮಾ ಅವರ ಹಿರಿಯಕ್ಕ ತ್ಸೆರಿಂಗ್ ದೋಲ್ಮಾ. ರಸ್ತೆ ಕೆಲಸಕ್ಕೆ ಹೋದ ನಿರಾಶ್ರಿತರ 51 ಮಕ್ಕಳು 1960ರಲ್ಲಿ ಸೊರಗಿ ಧರ್ಮಶಾಲೆಗೆ ಬಂದಾಗ ಅವರನ್ನು ನೋಡಿಕೊಳ್ಳಲು ಮುಂದೆ ಬಂದವರು. 1964ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿ ಜೆತ್ಸುನ್ ಪೇಮಾ ಆ ಕೆಲಸವನ್ನು ಕೈಗೆತ್ತಿಕೊಂಡು ನಾಲ್ಕು ದಶಕ ನಡೆಸಿದರು. ಇನ್ನೊಬ್ಬರು ಅಮಾ ಅಧೆ. ಖಾಮ್ ಸೀಮೆಯವರೇ, 27 ವರ್ಷ ಸೆರೆಯಲ್ಲಿದ್ದು, 1987ರಲ್ಲಿ ಭಾರತಕ್ಕೆ ಬಂದು, ಒಳಗೆ ಕಂಡದ್ದನ್ನು ದೇಶದೇಶಗಳಲ್ಲಿ ನಿಂತು ಹೇಳಿದವರು. ಧರ್ಮಶಾಲೆಯಲ್ಲಿ ಹುಡುಗಿಯಾಗಿದ್ದಾಗ ಅಚಾ-ಲಾ ಒಮ್ಮೆ ಅಮಾ ಅಧೆಯವರ ಮಾತನ್ನು ಕೇಳಿದ್ದರು. “ಅವ್ರು ಅಳಲಿಲ್ರೀ. ಹೆಸರು ಹೇಳಿದ್ರು, ಯಾರ್ ಯಾರ್ ಸತ್ರು ಅಂತ, ಒಂದೂ ಬಿಡದಂಗ.” ಅರ್ಜಿಗಳ ಆ ಪುಸ್ತಕವನ್ನು ಅವರು ಅಷ್ಟು ನಿಷ್ಠೆಯಿಂದ ಬರೆಯುವುದರ ಹಿಂದೆ ಆ ನೆನಪಿದೆಯೆಂದು ನನಗೆ ಅನಿಸುತ್ತದೆ.

ಮಾರ್ಚ್ 10ರಂದು, 1959ರ ದಂಗೆಯ ನೆನಪಿನ ದಿನ, ಊಟದ ಮನೆ ಮುಚ್ಚಿರುತ್ತದೆ. ಋತುವಿನ ಕೊನೆಯ ಒಳ್ಳೆಯ ವ್ಯಾಪಾರದ ವಾರವಾದರೂ ಮುಚ್ಚುತ್ತಾರೆ. ಎರಡು ದಿನ ಬಿಟ್ಟು ಮಾರ್ಚ್ 12ರಂದು, ಲ್ಹಾಸಾದ ಪೊಟಾಲಾ ಅರಮನೆಯ ಮುಂದೆ ಸಾವಿರಾರು ಹೆಂಗಸರು ನೆರೆದ ದಿನವೆಂದು, ಸಂಜೆ ಬಾಗಿಲಲ್ಲಿ ದೀಪ ಹಚ್ಚುತ್ತಾರೆ. ಆ ಸಂಜೆ ನಾನಿದ್ದೆ. ಭಾಷಣವಿರಲಿಲ್ಲ. ಹದಿನೈದು ಹುಡುಗಿಯರು ಬಂದಿದ್ದರು. ಆ ಹುಡುಗಿಯರಿಗೆ ತಾವು ಹೇಳಿದ್ದಿಷ್ಟು ಎಂದು ಅಚಾ-ಲಾ ಆಮೇಲೆ ನನಗೆ ಕನ್ನಡದಲ್ಲಿ ತಿಳಿಸಿದರು: ಈ ವರ್ಷ ಯಾರ ಆರ್‌ಸಿಯೂ ತಪ್ಪಿಲ್ಲ, ಮುಂದಿನ ವರ್ಷ ಎಲ್ಲರೂ ಬ್ಯಾಂಕಿನ ಖಾತೆ ತೆರೆಯಬೇಕು, ಹೊರದೇಶದಲ್ಲಿ ಕೆಲಸ ಕೊಡಿಸುತ್ತೇನೆಂದು ಯಾರಾದರೂ ಮುಂಗಡ ಕೇಳಿದರೆ ಮೊದಲು ಇಲ್ಲಿಗೆ ಬಂದು ಹೇಳಬೇಕು.

ಫೆಬ್ರವರಿಯಲ್ಲಿ ನನ್ನ ಒತ್ತಾಯಕ್ಕೆ ಅವರು ವಾಸ್ಕೋಗೆ ಬಂದು ನಮ್ಮ ಕಾಲೋನಿಯ ಹೆಂಗಸರೊಡನೆ ಒಂದು ಮಧ್ಯಾಹ್ನ ಕುಳಿತರು. ಝುವಾರಿನಗರದಿಂದಲೂ ಕೆಲವರು ಬಂದಿದ್ದರು. ಗದಗ, ಕೊಪ್ಪಳ, ಬಿಜಾಪುರ ಕಡೆಯ ಕಟ್ಟಡ ಕೆಲಸದ ಹೆಂಗಸರು. ಘಟ್ಟದ ಮೇಲಿನಿಂದ ಬಂದ ನಮ್ಮನ್ನು ಇಲ್ಲಿ ಕೆಲವರು ಹಗುರಾಗಿ ‘ಘಾಟಿ’ ಎನ್ನುವುದನ್ನು ಗೋವೆಯ ಕನ್ನಡಿಗರೆಲ್ಲ ಬಲ್ಲರು. ಅವರಲ್ಲೊಬ್ಬಾಕೆ, ಇಡೀ ಹೊತ್ತು ಸುಮ್ಮನಿದ್ದವಳು, ಕೊನೆಗೆ “ನಿಮಗೂ ಘಾಟಿ ಅಂತಾರೇನ್ರಿ ಅಕ್ಕಾರ?” ಎಂದು ಕೇಳಿದಳು. ಅಚಾ-ಲಾ, “ಅಂತಾರ. ನಾ ಭಾಳ ದೊಡ್ಡ ಘಟ್ಟ ಇಳದ ಬಂದಾಕಿ” ಎಂದರು. ಆ ಕೋಣೆಯಲ್ಲಿ ಎದ್ದ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಮರುವಾರ ಆ ಹೆಂಗಸು ತನ್ನ ಮಗಳ ಶಾಲೆಯ ಅರ್ಜಿ ಹಿಡಿದುಕೊಂಡು, ಮೂರು ಬಸ್ಸು ಬದಲಿಸಿ, ಅಂಜುನಾದ ಆ ಮೇಜಿಗೆ ಹೋಗಿ ಬಂದಳು.

ಹೋಗುವವರಿಗೆ ಕೆಲವು ಮಾತು. ವಾಸ್ಕೋ ಕಡೆಯಿಂದ ಪಣಜಿಗೆ, ಅಲ್ಲಿಂದ ಮಾಪುಸಾಕ್ಕೆ, ಅಲ್ಲಿಂದ ಅಂಜುನಾಕ್ಕೆ ಬಸ್ಸುಗಳಿವೆ. ಗಾಡಿ ನಿಲ್ಲಿಸಲು ಜಾಗ ಕಡಿಮೆ. ಬುಧವಾರ ಹೋಗಬೇಡಿ, ಸಂತೆಯ ಜನಸಂದಣಿಯಲ್ಲಿ ಊಟವೂ ಸರಿಯಾಗಿ ಆಗದು, ಮಾತೂ ಆಗದು. ಮಧ್ಯಾಹ್ನ ಮೂರರಿಂದ ಐದರವರೆಗೆ ಹಿಂಬದಿಯ ಮೇಜಿನ ಕೆಲಸ ಹೆಚ್ಚು, ಆ ಹೊತ್ತಿನಲ್ಲಿ ಹಸಿದು ಹೋದವರು ಕಾಯಬೇಕಾಗುತ್ತದೆ. ಇದನ್ನು ಅವರು ಸರಿಪಡಿಸಿಕೊಳ್ಳಬೇಕೆಂದೇ ನನ್ನ ಅಭಿಪ್ರಾಯ. ದುಡ್ಡು ಕೊಟ್ಟು ಊಟಕ್ಕೆ ಬಂದವರನ್ನು ಐವತ್ತು ನಿಮಿಷ ಕಾಯಿಸಿದರೆ ಗಿರಾಕಿ ಮುರಿಯುತ್ತಾರೆ, ಗಿರಾಕಿ ಮುರಿದರೆ ಆ ಮೇಜೂ ಉಳಿಯದು. ಒಬ್ಬ ಹುಡುಗಿಗೆ ಮೊಮೊದ ನೆರಿಗೆಯನ್ನು ಪೂರ್ತಿಯಾಗಿ ಕಲಿಸಿ ಒಲೆ ಒಪ್ಪಿಸಿರೆಂದು ನಾನು ಅವರಿಗೆ ಹೇಳಿದ್ದೇನೆ. ಕಲಿಸುತ್ತಿದ್ದಾರೆ, ಹದಿನೊಂದು ನೆರಿಗೆಯವರೆಗೆ ಬಂದಿದ್ದಾಳೆ. ಸಂಜೆ ಆರರ ಮೇಲೆ ಹೋದರೆ ಇಪ್ಪತ್ತು ನಿಮಿಷದಲ್ಲಿ ತಟ್ಟೆ ನಿಮ್ಮ ಮುಂದಿರುತ್ತದೆ. ಇಬ್ಬರು ಹೊಟ್ಟೆ ತುಂಬ ಉಂಡರೆ ಐದುನೂರು ದಾಟುವುದಿಲ್ಲ. ಕೊನೆಯಲ್ಲಿ ಬರುವ ಚೀಟಿಯನ್ನು ನೀವು ಕನ್ನಡದಲ್ಲಿ ಮಾತಾಡಿದ್ದರೆ ಕನ್ನಡದ ಅಂಕಿಗಳಲ್ಲಿ ಬರೆದು ಕೊಡುತ್ತಾರೆ. ಟಿಬೆಟಿನ ಹೊಸವರ್ಷದ ಲೋಸಾರ್ ಹಬ್ಬಕ್ಕೆ, ಅದು ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಬರುತ್ತದೆ, ಒಂದು ವಾರ ಮುಚ್ಚಿರುತ್ತದೆ. ಅದರ ಹಿಂದಿನ ವಾರ ಹೋದರೆ ಖಾಪ್ಸೆ ಎಂಬ ಕರಿದ ಹಬ್ಬದ ತಿನಿಸು ಸಿಗುತ್ತದೆ.

ಈ ಋತುವಿನ ಕೊನೆಯ ಊಟ ಮಾರ್ಚ್ 31ರಂದು. ಏಪ್ರಿಲ್ ಮೊದಲ ವಾರ ಮೊಕ್ಟೊಗಳನ್ನೂ ಆ ಉದ್ದನೆಯ ಪುಸ್ತಕವನ್ನೂ ಕಟ್ಟಿಕೊಂಡು ಅವರು ಅನಮೋಡ ಘಟ್ಟ ಹತ್ತಿ ಊರಿಗೆ ಹೋಗುತ್ತಾರೆ. ಮಳೆ ಬೀಳುವ ಮೊದಲು ಹೊಲ ಹಸನು ಮಾಡಬೇಕು. ಬರುವ ನವೆಂಬರಿನಲ್ಲಿ ಬ್ಯಾಡಗಿಯ ಚೀಲದೊಡನೆ ಮರಳಿದಾಗ ಎರಡು ಬಾಟಲಿ ಸೆಪೆನ್ ನನಗೆಂದು ಎತ್ತಿಡಲು ಈಗಲೇ ಹೇಳಿ ಬಂದಿದ್ದೇನೆ.